ಮಿದುಳಿನ ನಾರ್‌ಎಪಿನೆಫ್ರಿನ್ ಏರಿಳಿತವನ್ನು ಬೆಳಕಿನಿಂದ ಅಳೆಯುವುದು ಹೇಗೆ?

2025ರ ಜನವರಿಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ ಪ್ರಕಟಿಸಿದ ಒಂದು ಸಂಶೋಧನೆ ನಿದ್ದೆ ಮಾತ್ರೆ ಬಳಸುವವರಲ್ಲಿ ಕಳವಳ ಹುಟ್ಟಿಸುವಂತಿತ್ತು. ಜೋಲ್ಪಿಡೆಮ್ ಎಂಬ ಔಷಧ ಕೊಟ್ಟ ಇಲಿಗಳು ಬೇಗನೆ ನಿದ್ದೆಹೋದವು. ಆದರೆ ಮಿದುಳನ್ನು ತೊಳೆಯುವ ದ್ರವದ ಹರಿವು ಅವುಗಳಲ್ಲಿ ಶೇ 30ಕ್ಕಿಂತ ಹೆಚ್ಚು ಕುಸಿದಿತ್ತು. ಆ ಹರಿವನ್ನು ನಡೆಸುವುದು ನಿದ್ದೆಯ ಹೊತ್ತಿನಲ್ಲಿ ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕದ ನಿಧಾನವಾದ ಏರಿಳಿತ ಎಂದೂ, ಔಷಧವು ಆ ಏರಿಳಿತವನ್ನೇ ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದೂ ತಂಡ ತೋರಿಸಿತು. ಇದನ್ನು ಓದಿದ ಯಾರಿಗೂ ಮೂಡುವ ಸಹಜ ಪ್ರಶ್ನೆಯೊಂದಿದೆ. ಮಲಗಿರುವ ಇಲಿಯ ಮಿದುಳಿನಲ್ಲಿ, ಅದರ ನಿದ್ದೆ ಕೆಡಿಸದೆ, ಒಂದೇ ಒಂದು ರಾಸಾಯನಿಕ ಸೆಕೆಂಡಿನಿಂದ ಸೆಕೆಂಡಿಗೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ಇವರು ಕಂಡುಕೊಂಡದ್ದಾದರೂ ಹೇಗೆ? ಹತ್ತು ವರ್ಷಗಳ ಹಿಂದೆ ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಇರಲಿಲ್ಲ. ಈಗಿನ ಉತ್ತರ, ಆ ರಾಸಾಯನಿಕ ತಾಗಿದಾಗ ಹೊಳೆಯುವಂತೆ ಕಟ್ಟಿದ ಒಂದು ಪ್ರೋಟೀನು.

ನಾರ್‌ಎಪಿನೆಫ್ರಿನ್ ಎಂದರೇನು?

ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸಲು ಬಳಸುವ ರಾಸಾಯನಿಕಗಳನ್ನು ನರವಾಹಕಗಳು ಎನ್ನುತ್ತಾರೆ. ನಾರ್‌ಎಪಿನೆಫ್ರಿನ್ ಅವುಗಳಲ್ಲೊಂದು. ನಾರ್‌ಅಡ್ರಿನಲಿನ್ ಎಂದರೂ ಇದೇ. ದೇಹದ ನರಗಳು ಹೃದಯಬಡಿತ ಮತ್ತು ರಕ್ತನಾಳಗಳನ್ನು ನಿಯಂತ್ರಿಸಲು ಇದನ್ನು ಬಳಸುತ್ತವೆ ಎಂಬುದನ್ನು ಸ್ವೀಡನ್ನಿನ ಉಲ್ಫ್ ವಾನ್ ಆಯ್ಲರ್ 1946ರಲ್ಲಿ ಗುರುತಿಸಿದರು. ಅದಕ್ಕಾಗಿ 1970ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ದೊರೆಯಿತು. ಸೋಂಕು ರಕ್ತಕ್ಕೇರಿ ರಕ್ತದೊತ್ತಡ ಕುಸಿದ ರೋಗಿಗೆ ತೀವ್ರ ನಿಗಾ ಘಟಕದಲ್ಲಿ ಡ್ರಿಪ್ ಮೂಲಕ ಕೊಡುವ ನಾರ್‌ಅಡ್ರಿನಲಿನ್ ಕೂಡ ಇದೇ ಅಣು. ಆದರೆ ಹಾಗೆ ರಕ್ತಕ್ಕೆ ಸೇರಿಸಿದ್ದು ಮಿದುಳಿನ ರಕ್ತನಾಳಗಳ ಬಿಗಿಯಾದ ಗೋಡೆಯನ್ನು ದಾಟಿ ಒಳಗೆ ಹೋಗಲಾರದು. ತನಗೆ ಬೇಕಾದ ನಾರ್‌ಎಪಿನೆಫ್ರಿನನ್ನು ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ.

ತಯಾರಿಕೆಯ ಮುಖ್ಯ ಸ್ಥಳ ಮಿದುಳುಕಾಂಡದಲ್ಲಿರುವ ಲೋಕಸ್ ಸೆರೂಲಿಯಸ್ ಎಂಬ ನೀಲಿ ಛಾಯೆಯ ಸಣ್ಣ ಕೇಂದ್ರ. ಎಡಕ್ಕೊಂದು ಬಲಕ್ಕೊಂದು ಇರುವ ಈ ಕೇಂದ್ರಗಳು ಮನುಷ್ಯರಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದವಿರುತ್ತವೆ. ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಎರಡೂ ಕೇಂದ್ರಗಳ ಪಾಲು ಸೇರಿಸಿದರೂ ಅಂದಾಜು 50,000 ಮಾತ್ರ. ಇಲಿಯಲ್ಲಾದರೆ ಸುಮಾರು 3,000. ಇಷ್ಟು ಕಡಿಮೆ ಕೋಶಗಳಿದ್ದರೂ ಅವುಗಳ ತಂತುಗಳು ಕವಲೊಡೆಯುತ್ತಾ ಮಿದುಳಿನ ಬಹುಪಾಲು ಭಾಗಗಳಿಗೆ ಹರಡಿಕೊಂಡಿವೆ. ಎಚ್ಚರ, ಗಮನ, ಒತ್ತಡ, ಕಲಿಕೆ, ನಿದ್ದೆಯ ಹಂತಗಳು, ಹೀಗೆ ಒಂದಕ್ಕೊಂದು ದೂರವೆನಿಸುವ ಕೆಲಸಗಳಲ್ಲೆಲ್ಲ ಈ ಅಣುವಿನ ಹೆಸರು ಕೇಳಿಬರಲು ಆ ಹರಡುವಿಕೆಯೇ ಕಾರಣ.

ಬಿಡುಗಡೆಯಾದ ನಾರ್‌ಎಪಿನೆಫ್ರಿನ್ ಪಕ್ಕದ ಕೋಶಕ್ಕಷ್ಟೇ ಸೀಮಿತವಾಗದೆ ಸುತ್ತಲಿನ ದ್ರವದಲ್ಲಿ ಹರಡುತ್ತದೆ. ಕೋಶಗಳ ಪೊರೆಯಲ್ಲಿರುವ ಗ್ರಾಹಕ ಎಂಬ ಪ್ರೋಟೀನುಗಳಿಗೆ ಅದು ಅಂಟಿಕೊಂಡಾಗ ಕೋಶದೊಳಗೆ ಬದಲಾವಣೆ ಶುರುವಾಗುತ್ತದೆ. ಆಲ್ಫಾ ಒಂದು, ಆಲ್ಫಾ ಎರಡು ಮತ್ತು ಬೀಟಾ ಎಂಬ ಮೂರು ಬಗೆಯ ಗ್ರಾಹಕಗಳಿದ್ದು, ಒಂದೊಂದು ಬಗೆಯ ಪರಿಣಾಮವೂ ಬೇರೆ. ಕೆಲಸ ಮುಗಿದ ಅಣುಗಳನ್ನು ನರಕೋಶಗಳೇ ಮರಳಿ ಒಳಗೆಳೆದುಕೊಳ್ಳುತ್ತವೆ. ಗಮನದ ಕೊರತೆಯಿರುವ ಮಕ್ಕಳಿಗೆ ಕೊಡುವ ಅಟೊಮೊಕ್ಸೆಟಿನ್, ಖಿನ್ನತೆಗೆ ಕೊಡುವ ವೆನ್ಲಾಫ್ಯಾಕ್ಸಿನ್ ಮುಂತಾದ ಔಷಧಗಳು ತಡೆಯುವುದು ಈ ಮರುಹೀರುವಿಕೆಯನ್ನೇ. ಆದ್ದರಿಂದ ಈ ಅಣುವಿನ ಏರಿಳಿತವನ್ನು ಸರಿಯಾಗಿ ಅಳೆಯುವ ಪ್ರಶ್ನೆ ಪ್ರಯೋಗಾಲಯದ ಒಳಗೇ ಉಳಿಯುವಂಥದ್ದಲ್ಲ. ದಿನವೂ ಮಾತ್ರೆ ನುಂಗುವ ಲಕ್ಷಾಂತರ ಜನರಿಗೆ ಅದು ಸಂಬಂಧಿಸಿದ್ದು.

ಅಳತೆ ಏಕೆ ಕಷ್ಟವಾಗಿತ್ತು?

ಬೆಳಕಿನ ಮೂಲಕ ಈ ಅಣುವನ್ನು ಕಾಣುವ ಯತ್ನ ಹೊಸದೇನಲ್ಲ. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಮಿದುಳಿನ ಒಣಗಿಸಿದ ಅಂಗಾಂಶಕ್ಕೆ ಫಾರ್ಮಾಲ್ಡಿಹೈಡ್ ಆವಿ ತಾಗಿಸಿದಾಗ ನಾರ್‌ಎಪಿನೆಫ್ರಿನ್ ಇರುವ ಕೋಶಗಳು ಸೂಕ್ಷ್ಮದರ್ಶಕದಡಿ ಹಸಿರಾಗಿ ಹೊಳೆದವು. ಆನಿಕಾ ಡಾಲ್‌ಸ್ಟ್ರಾಮ್ ಮತ್ತು ಶೆಲ್ ಫುಕ್ಸೆ 1964ರಲ್ಲಿ ಇದೇ ವಿಧಾನದಿಂದ ಇಂಥ ಕೋಶಗಳ ನಕ್ಷೆಯನ್ನೇ ಬಿಡಿಸಿದರು. ಆದರೆ ಆ ನಕ್ಷೆ ಸತ್ತ ಅಂಗಾಂಶದ್ದು. ಅಣು ಎಲ್ಲಿದೆ ಎಂದು ಅದು ಹೇಳಿತು. ಯಾವಾಗ ಬಿಡುಗಡೆಯಾಗುತ್ತದೆ ಎಂದು ಹೇಳಲು ಅದಕ್ಕೆ ಸಾಧ್ಯವಿರಲಿಲ್ಲ.

ಜೀವಂತ ಮಿದುಳಿನಲ್ಲಿ ಅಳೆಯಲು ಬಹುಕಾಲ ಎರಡು ದಾರಿಗಳಿದ್ದವು. ಮೊದಲನೆಯದು ಮೈಕ್ರೋಡಯಾಲಿಸಿಸ್. ಅತಿ ಸಣ್ಣ ರಂಧ್ರಗಳ ಪೊರೆಯುಳ್ಳ ಸೂಜಿಯನ್ನು ಮಿದುಳಿಗಿಳಿಸಿ, ಅದರೊಳಗೆ ದ್ರವ ಹರಿಸಿ, ಹೊರಬಂದ ದ್ರವದಲ್ಲಿ ಏನೇನಿದೆ ಎಂದು ಉಪಕರಣದಲ್ಲಿ ಬೇರ್ಪಡಿಸಿ ನೋಡುವ ವಿಧಾನ ಇದು. ಯಾವ ಅಣು ಎಷ್ಟಿದೆ ಎಂಬ ಉತ್ತರ ಇಲ್ಲಿ ನಿಖರ. ಆದರೆ ಒಂದು ಮಾದರಿಗೆ ಸಾಕಷ್ಟು ದ್ರವ ಸಂಗ್ರಹವಾಗಲು ಹಲವು ನಿಮಿಷಗಳು ಬೇಕು. ಮೂವತ್ತು ಸೆಕೆಂಡಿಗೊಮ್ಮೆ ಏರಿ ಇಳಿಯುವ ಸಂಗತಿಯೊಂದನ್ನು ಹತ್ತು ನಿಮಿಷದ ಸರಾಸರಿಯಲ್ಲಿ ನೋಡಿದರೆ ಏರಿಳಿತವೇ ಅಳಿಸಿಹೋಗುತ್ತದೆ.

ಎರಡನೆಯದು ವೋಲ್ಟಮೆಟ್ರಿ. ಇಂಗಾಲದ ಎಳೆಯೊಂದಕ್ಕೆ ವೇಗವಾಗಿ ಬದಲಾಗುವ ವಿದ್ಯುತ್ ಒತ್ತಡ ಕೊಟ್ಟು, ಅಣುಗಳು ಎಲೆಕ್ಟ್ರಾನ್ ಕಳೆದುಕೊಂಡಾಗ ಹರಿಯುವ ವಿದ್ಯುತ್ತನ್ನು ಅಳೆಯುತ್ತಾರೆ. ಇದು ಬಹಳ ವೇಗದ ವಿಧಾನ. ತೊಡಕೇನೆಂದರೆ ಡೋಪಮಿನ್ ಎಂಬ ಇನ್ನೊಂದು ನರವಾಹಕ. ಮಿದುಳು ನಾರ್‌ಎಪಿನೆಫ್ರಿನನ್ನು ತಯಾರಿಸುವುದೇ ಡೋಪಮಿನ್‌ನಿಂದ. ಎರಡು ಅಣುಗಳ ನಡುವಿನ ವ್ಯತ್ಯಾಸ ಒಂದು ಆಮ್ಲಜನಕ ಪರಮಾಣು ಮಾತ್ರ. ಇಂಗಾಲದ ಎಳೆಗೆ ಅವೆರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ನಿಖರತೆ ಇದ್ದಲ್ಲಿ ವೇಗವಿಲ್ಲ, ವೇಗವಿದ್ದಲ್ಲಿ ಯಾವ ಅಣು ಎಂಬ ಖಚಿತತೆಯಿಲ್ಲ ಎನ್ನುವ ಈ ಇಕ್ಕಟ್ಟಿನಲ್ಲಿ ಕ್ಷೇತ್ರ ದಶಕಗಳ ಕಾಲ ನಿಂತಿತ್ತು.

ಹೊಳೆಯುವ ಗ್ರಾಹಕ

ನಾರ್‌ಎಪಿನೆಫ್ರಿನನ್ನು ಡೋಪಮಿನ್‌ನಿಂದ ಬೇರೆಯಾಗಿ ಗುರುತಿಸುವ ಸಾಧನವೊಂದು ಮಿದುಳಿನಲ್ಲಿ ಮೊದಲಿನಿಂದಲೂ ಇದೆ. ಅದು ಅದರ ಸ್ವಂತ ಗ್ರಾಹಕ. ಆ ಗ್ರಾಹಕಕ್ಕೆ ಅಣು ಅಂಟಿದ್ದು ಹೊರಗಿನವರಿಗೆ ಕಾಣುವಂತೆ ಮಾಡಬೇಕಿತ್ತು, ಅಷ್ಟೆ.

ಇದಕ್ಕೆ ಬೇಕಾದ ಬೆಳಕು ಸಿಕ್ಕಿದ್ದು ಸಮುದ್ರದಿಂದ. ಜಪಾನಿನ ಒಸಾಮು ಶಿಮೊಮುರಾ 1962ರಲ್ಲಿ ಅಂಬಲಿ ಮೀನೊಂದರಿಂದ ಹಸಿರು ಪ್ರತಿದೀಪ್ತಿ ಪ್ರೋಟೀನನ್ನು ಬೇರ್ಪಡಿಸಿದರು. ಒಂದು ಬಣ್ಣದ ಬೆಳಕನ್ನು ಹೀರಿಕೊಂಡು ತಕ್ಷಣವೇ ಇನ್ನೊಂದು ಬಣ್ಣದ ಬೆಳಕನ್ನು ಹೊರಸೂಸುವುದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಈ ಪ್ರೋಟೀನಿಗೆ ನೀಲಿ ಬೆಳಕು ಬಿದ್ದರೆ ಅದು ಹಸಿರು ಸೂಸುತ್ತದೆ. ಮಾರ್ಟಿನ್ ಚಾಲ್ಫಿ ಅದರ ವಂಶವಾಹಿಯನ್ನು ಬೇರೆ ಜೀವಿಗಳಿಗೆ ಸೇರಿಸಿ ಹೊಳೆಯಿಸಿದರು, ರೋಜರ್ ಚಿಯೆನ್ ಅದನ್ನು ಬೇಕಾದಂತೆ ತಿದ್ದಿ ಹಲವು ಬಣ್ಣ ತಂದರು. ಮೂವರಿಗೂ 2008ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂತು.

ಅಣು ತಾಗಿದಾಗ ಹೊಳೆಯುವಂತೆ ಕಟ್ಟಿದ ಪ್ರೋಟೀನಿಗೆ ಸಂವೇದಕ ಎನ್ನುತ್ತಾರೆ. ಅದರ ಗುಟ್ಟು ಈ ಹಸಿರು ಪ್ರೋಟೀನಿನ ಆಕಾರದಲ್ಲಿದೆ. ಅದು ಕೊಳವೆಯಂತೆ ಸುತ್ತಿಕೊಂಡಿದ್ದು, ಬೆಳಕು ಸೂಸುವ ಭಾಗ ನಡುಮಧ್ಯದಲ್ಲಿ ಅಡಗಿರುತ್ತದೆ. ಗಾಳಿಯಲ್ಲಿ ಇಟ್ಟ ಲಾಟೀನನ್ನು ನೆನೆಸಿಕೊಳ್ಳಬಹುದು: ಗಾಜಿನ ಬುರುಡೆ ಸರಿಯಾಗಿ ಕೂತಿದ್ದರೆ ಬತ್ತಿ ನಿಚ್ಚಳವಾಗಿ ಉರಿಯುತ್ತದೆ, ಬುರುಡೆ ಜರುಗಿ ಸಂದು ಬಿಟ್ಟರೆ ಗಾಳಿ ನುಗ್ಗಿ ಜ್ವಾಲೆ ಮಂಕಾಗುತ್ತದೆ. ಇಲ್ಲಿ ಗಾಳಿಯ ಸ್ಥಾನದಲ್ಲಿ ನೀರಿನ ಅಣುಗಳಿವೆ. 1999ರಲ್ಲಿ ಚಿಯೆನ್ ಅವರ ತಂಡ ಈ ಪ್ರೋಟೀನಿನ ಹಳೆಯ ತುದಿಗಳನ್ನು ಒಂದಕ್ಕೊಂದು ಜೋಡಿಸಿ, ಬೆಳಕು ಸೂಸುವ ಭಾಗಕ್ಕೆ ಹತ್ತಿರದಲ್ಲೇ ಹೊಸ ತುದಿಗಳು ಬರುವಂತೆ ಕತ್ತರಿಸಿತು. ಹಾಗೆ ಕತ್ತರಿಸಿದ ಪ್ರೋಟೀನಿನ ಪಕ್ಕದಲ್ಲಿ ಸಂದು ಉಳಿಯಿತು. ಆ ತುದಿಗಳನ್ನು ಆಕಾರ ಬದಲಿಸುವ ಬೇರೊಂದು ಪ್ರೋಟೀನಿಗೆ ಜೋಡಿಸಿದರೆ, ಆಕಾರ ಬದಲಾದಾಗ ಸಂದು ಮುಚ್ಚಿ ಹೊಳಪು ಏರುವಂತೆ ಮಾಡಬಹುದು.

ಆಕಾರ ಬದಲಿಸುವುದೇ ಗ್ರಾಹಕದ ಸಹಜ ಕೆಲಸ. ನಾರ್‌ಎಪಿನೆಫ್ರಿನ್‌ನ ಗ್ರಾಹಕ ಕೋಶದ ಪೊರೆಯನ್ನು ಏಳು ಬಾರಿ ಹೊಕ್ಕು ಹೊರಡುವ ಪ್ರೋಟೀನು. ಹೊರಗಿನಿಂದ ಅಣು ಬಂದು ಅಂಟಿದಾಗ ಐದನೆಯ ಮತ್ತು ಆರನೆಯ ಸುರುಳಿಗಳ ಒಳತುದಿಗಳು ಸರಿಯುತ್ತವೆ, ಅದರಲ್ಲೂ ಆರನೆಯದು ಹೆಚ್ಚು. ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯಾನ್ ಕೊಬಿಲ್ಕಾ ಈ ಕುಟುಂಬದ ಗ್ರಾಹಕಗಳ ಅಧ್ಯಯನಕ್ಕಾಗಿ 2012ರ ನೊಬೆಲ್ ಪಡೆದರು. ಆ ರಚನೆಗಳು ಕಂಡಮೇಲೆ ಹಸಿರು ಪ್ರೋಟೀನನ್ನು ಎಲ್ಲಿ ಕೂರಿಸಬೇಕೆಂಬುದು ಸ್ಪಷ್ಟವಾಯಿತು: ಕೋಶದ ಒಳಬದಿಯಲ್ಲಿ, ಆ ಎರಡು ಸುರುಳಿಗಳನ್ನು ಸೇರಿಸುವ ಕುಣಿಕೆಯ ಜಾಗದಲ್ಲಿ.

ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ಯುಲಾಂಗ್ ಲಿ ಅವರ ತಂಡ ಮನುಷ್ಯರ ಆಲ್ಫಾ ಎರಡು ಎ ಗ್ರಾಹಕವನ್ನು ಆಯ್ದುಕೊಂಡು ಇದನ್ನು ಸಾಧಿಸಿ 2019ರಲ್ಲಿ ಪ್ರಕಟಿಸಿತು. ಈ ಸಂವೇದಕಗಳನ್ನು ಗ್ರ್ಯಾಬ್ ಎನ್‌ಇ ಎಂದು ಕರೆಯುತ್ತಾರೆ. ಕೇಳಲು ಸರಳವೆನಿಸಿದರೂ ಎರಡು ಪ್ರೋಟೀನುಗಳನ್ನು ಬೆಸೆಯುವ ಕೊಂಡಿಯಲ್ಲಿ ಒಂದೆರಡು ಅಮಿನೊ ಆಮ್ಲ ಹೆಚ್ಚುಕಡಿಮೆಯಾದರೂ ಸಾಕು, ಅಣು ಅಂಟಿದಾಗ ಹೊಳಪು ಸರಿಯಾಗಿ ಬದಲಾಗದೆ ಹೋಗಬಹುದು. ಆದ್ದರಿಂದ ನೂರಾರು ರೂಪಾಂತರಗಳನ್ನು ಕಟ್ಟಿ, ಒಂದೊಂದನ್ನೂ ಪರೀಕ್ಷಿಸಿ, ಆರಿಸಿ ತೆಗೆಯಬೇಕಾಯಿತು. ಈ ತಾಳ್ಮೆಯ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸುದ್ದಿಗಳಲ್ಲಿ ಸಿಗುವುದಿಲ್ಲ.

ತಟ್ಟೆಯಲ್ಲಿ ಮೊದಲ ಪರೀಕ್ಷೆ

ಸಂವೇದಕವನ್ನು ನಂಬುವ ಮುನ್ನ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಅದನ್ನು ಪರೀಕ್ಷಿಸುತ್ತಾರೆ. ಸೂಕ್ಷ್ಮದರ್ಶಕದಡಿ ಪ್ರತಿ ಕೋಶದ ಅಂಚೂ ತೆಳು ಹಸಿರು ಗೆರೆಯಾಗಿ ಕಾಣುತ್ತದೆ, ಏಕೆಂದರೆ ಸಂವೇದಕ ಇರುವುದು ಪೊರೆಯಲ್ಲಿ. ನಾರ್‌ಎಪಿನೆಫ್ರಿನ್ ಇರುವ ದ್ರಾವಣ ಹರಿಸಿದಾಗ ಆ ಗೆರೆ ಸೆಕೆಂಡಿನೊಳಗೆ ಪ್ರಖರವಾಗುತ್ತದೆ. 2019ರ ಒಂದು ಸಂವೇದಕದಲ್ಲಿ ಹೊಳಪು ಮೂಲಮಟ್ಟದ ಮೂರು ಪಟ್ಟಿಗಿಂತ ಹೆಚ್ಚಾಯಿತು. ಆನಂತರ ಆಲ್ಫಾ ಎರಡು ಗ್ರಾಹಕವನ್ನು ತಡೆಯುವ ಯೋಹಿಂಬಿನ್ ಸೇರಿಸಿದರೆ ಗೆರೆ ಮತ್ತೆ ಮಂಕಾಗುತ್ತದೆ. ಗ್ಲುಟಮೇಟ್, ಸೆರೊಟೊನಿನ್ ಮುಂತಾದ ಬೇರೆ ನರವಾಹಕಗಳಿಗೆ ಅದು ಪ್ರತಿಕ್ರಿಯಿಸಬಾರದು. ಡೋಪಮಿನ್‌ಗೆ ತುಸು ಪ್ರತಿಕ್ರಿಯೆ ಇದ್ದೇ ಇದೆ, ಆದರೆ ಅದಕ್ಕೆ ಬಹಳ ಹೆಚ್ಚಿನ ಸಾಂದ್ರತೆ ಬೇಕು.

ಇದರ ಜೊತೆಗೆ ತಂಡ ಇನ್ನೊಂದು ಎಚ್ಚರಿಕೆಯ ಹೆಜ್ಜೆಯಿಟ್ಟಿತು. ಸಂವೇದಕದ ಅಣು ಅಂಟುವ ಜಾಗದಲ್ಲಿ ಒಂದು ಅಮಿನೊ ಆಮ್ಲ ಬದಲಿಸಿ, ನಾರ್‌ಎಪಿನೆಫ್ರಿನ್ ಅಂಟಲಾಗದ ಜೋಡಿ ಪ್ರೋಟೀನೊಂದನ್ನು ಕಟ್ಟಿತು. ಪ್ರಾಣಿಯಲ್ಲಿ ಈ ಜೋಡಿಯೂ ಹೊಳೆದರೆ, ಕಂಡದ್ದು ನಾರ್‌ಎಪಿನೆಫ್ರಿನ್ ಅಲ್ಲವೆಂದು ಗೊತ್ತಾಗುತ್ತದೆ.

ಓಡಾಡುವ ಇಲಿಯ ಮಿದುಳಿನಿಂದ ಬರುವ ಬೆಳಕು

ಸಂವೇದಕದ ವಂಶವಾಹಿಯನ್ನು ರೋಗ ತಾರದ ವೈರಸ್ಸಿಗೆ ತುಂಬಿ, ಬೇಕಾದ ಭಾಗಕ್ಕೆ ಅತಿ ಸಣ್ಣ ಪ್ರಮಾಣದಲ್ಲಿ ಚುಚ್ಚುತ್ತಾರೆ. ಎರಡು ಮೂರು ವಾರಗಳಲ್ಲಿ ಅಲ್ಲಿನ ನರಕೋಶಗಳು ತಾವೇ ಸಂವೇದಕವನ್ನು ತಯಾರಿಸಿ ತಮ್ಮ ಪೊರೆಯಲ್ಲಿ ಕೂರಿಸಿಕೊಳ್ಳುತ್ತವೆ. ಅದೇ ಜಾಗಕ್ಕೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ದಪ್ಪದ ಗಾಜಿನ ಎಳೆಯೊಂದನ್ನು ಇಳಿಸಿ ತಲೆಬುರುಡೆಗೆ ಅಂಟಿಸಿರುತ್ತಾರೆ. ಸುಮಾರು 470 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು ಆ ಎಳೆಯಲ್ಲಿ ಇಳಿಯುತ್ತದೆ, ಸಂವೇದಕಗಳು ಸೂಸಿದ ಹಸಿರು ಬೆಳಕು ಅದೇ ಎಳೆಯಲ್ಲಿ ಮೇಲಕ್ಕೆ ಬರುತ್ತದೆ. ಇಲಿ ಓಡಾಡಬಹುದು, ತಿನ್ನಬಹುದು, ಮಲಗಬಹುದು. ಮಿದುಳಿನ ಮೇಲ್ಪದರದಲ್ಲಿ ಚಿತ್ರವೇ ಬೇಕೆಂದಿದ್ದರೆ ಎರಡು ಫೋಟಾನ್ ಸೂಕ್ಷ್ಮದರ್ಶಕ ಬಳಸುತ್ತಾರೆ.

2019ರ ಪ್ರಯೋಗದಲ್ಲಿ, ಮೇಲೆರಗಿ ಬರುವ ಕಪ್ಪು ನೆರಳಿನಂಥ ದೃಶ್ಯ ತೋರಿಸಿದಾಗ ಜೀಬ್ರಾ ಮೀನಿನ ಮರಿಯ ಮಿದುಳಿನಲ್ಲಿ ಹಸಿರು ಹೊಳಪೇರಿತು. ಇಲಿಯನ್ನು ನೀರಿಗಿಳಿಸಿ ಈಜುವಂತೆ ಮಾಡಿದಾಗ ಅದರ ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲೂ ಹಾಗೆಯೇ ಆಯಿತು. ಒತ್ತಡದಲ್ಲಿ ನಾರ್‌ಎಪಿನೆಫ್ರಿನ್ ಏರುತ್ತದೆ ಎಂಬುದು ತಿಳಿದ ಸಂಗತಿಯೇ. ಹೊಸ ಸಾಧನವನ್ನು ಮೊದಲು ತಿಳಿದ ಸಂಗತಿಯ ಮೇಲೆ ಒರೆಹಚ್ಚುವುದು ಸರಿಯಾದ ಕ್ರಮ.

ನಿದ್ದೆಯಲ್ಲಿ ಕಂಡ ಅಲೆಗಳು

ಅನಿರೀಕ್ಷಿತವಾದದ್ದು ಕಂಡದ್ದು ನಿದ್ದೆಯಲ್ಲಿ. ಎಚ್ಚರವಿದ್ದಾಗ ನಾರ್‌ಎಪಿನೆಫ್ರಿನ್ ಹೆಚ್ಚು, ನಿದ್ದೆಯಲ್ಲಿ ಕಡಿಮೆ, ಕನಸು ಬೀಳುವ ಹಂತದಲ್ಲಿ ಅತ್ಯಂತ ಕಡಿಮೆ ಎಂಬುದು ಹಳೆಯ ತಿಳಿವಳಿಕೆ. ಅದು ಸುಳ್ಳಾಗಲಿಲ್ಲ. ಆದರೆ ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿ ಅನಿತಾ ಲ್ಯೂತಿ ಅವರ ತಂಡ 2021ರಲ್ಲಿ, ಕೋಪನ್‌ಹೇಗನ್ ತಂಡ 2022ರಲ್ಲಿ ತೋರಿಸಿದಂತೆ, ಕನಸಿಲ್ಲದ ನಿದ್ದೆಯಲ್ಲಿ ಅದು ಒಂದೇ ಮಟ್ಟದಲ್ಲಿ ತಗ್ಗಿ ಕೂತಿರುವುದಿಲ್ಲ. ಸುಮಾರು ಮೂವತ್ತರಿಂದ ಐವತ್ತು ಸೆಕೆಂಡಿಗೊಮ್ಮೆ ಏರುತ್ತದೆ, ಮತ್ತೆ ಇಳಿಯುತ್ತದೆ. ಏರಿದಾಗ ಕೆಲವೊಮ್ಮೆ ಇಲಿ ಕ್ಷಣಕಾಲ ಎಚ್ಚರದ ಅಂಚಿಗೆ ಬಂದು, ಪುನಃ ನಿದ್ದೆಗೆ ಜಾರುತ್ತದೆ. ಇಳಿಯುವ ಹೊತ್ತಿನಲ್ಲಿ, ನೆನಪು ಗಟ್ಟಿಯಾಗುವುದಕ್ಕೆ ಸಂಬಂಧಿಸಿದ ಸ್ಪಿಂಡಲ್ ಎಂಬ ವಿದ್ಯುತ್ ಅಲೆಗಳು ದಟ್ಟವಾಗುತ್ತವೆ. ಏರಿಳಿತ ದೊಡ್ಡದಾಗಿದ್ದಷ್ಟೂ ಇಲಿಯ ನೆನಪು ಚೆನ್ನಾಗಿರುತ್ತದೆ ಎಂಬುದು ಕೋಪನ್‌ಹೇಗನ್ ತಂಡದ ನಿರ್ಣಯ.

ನಾನು ಈ ಇಡೀ ವಿಷಯದ ತಿರುಳೆಂದು ಕಾಣುವುದು ಇದನ್ನೇ. ನಾರ್‌ಎಪಿನೆಫ್ರಿನ್ ಒಟ್ಟು ಎಷ್ಟಿದೆ ಎಂಬುದರಷ್ಟೇ, ಅದು ಯಾವ ಲಯದಲ್ಲಿ ಬದಲಾಗುತ್ತದೆ ಎಂಬುದೂ ಮುಖ್ಯ. ಹತ್ತು ನಿಮಿಷದ ಸರಾಸರಿ ತೆಗೆದರೆ ಒಳ್ಳೆಯ ನಿದ್ದೆಗೂ ಕೆಟ್ಟ ನಿದ್ದೆಗೂ ಒಂದೇ ಸಂಖ್ಯೆ ಬರಬಹುದು.

2025ರ ಕೆಲಸ ಇದರ ಮುಂದುವರಿಕೆ. ನಾರ್‌ಎಪಿನೆಫ್ರಿನ್ ಏರಿದಾಗ ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ, ಇಳಿದಾಗ ಹಿಗ್ಗುತ್ತವೆ. ನಿದ್ದೆಯುದ್ದಕ್ಕೂ ನಡೆಯುವ ಈ ನಿಧಾನವಾದ ಕುಗ್ಗುಹಿಗ್ಗು ನಾಳಗಳ ಸುತ್ತಲಿನ ದ್ರವವನ್ನು ದೂಡಿ, ಅಂಗಾಂಶದ ಕಲ್ಮಶ ಹೊರಹೋಗಲು ನೆರವಾಗುತ್ತದೆ ಎಂಬುದು ತಂಡದ ವಾದ. ಜೋಲ್ಪಿಡೆಮ್ ಕೊಟ್ಟಾಗ ಅಲೆಯ ಎತ್ತರ ಕುಗ್ಗಿತು, ಅದರೊಂದಿಗೆ ದ್ರವದ ಹರಿವೂ ಕುಗ್ಗಿತು. ಇದು ಇಲಿಗಳಲ್ಲಿ ಕಂಡ ಫಲಿತಾಂಶ. ಮಾತ್ರೆ ತೆಗೆದುಕೊಳ್ಳುವ ಮನುಷ್ಯರಲ್ಲಿ ಹೀಗೇ ಆಗುತ್ತದೆ ಎಂದು ಈ ಪ್ರಯೋಗ ಸಾಬೀತುಪಡಿಸುವುದಿಲ್ಲ. ವೈದ್ಯರು ಬರೆದುಕೊಟ್ಟ ಔಷಧವನ್ನು ಇದರ ಆಧಾರದ ಮೇಲೆ ತಾವಾಗಿ ನಿಲ್ಲಿಸುವುದು ತಪ್ಪಾಗುತ್ತದೆ.

ಹಸಿರು ಗೆರೆಯನ್ನು ಓದುವಾಗ

ಗಣಕದ ಪರದೆಯಲ್ಲಿ ಏರುವ ಹಸಿರು ಗೆರೆ ನಾರ್‌ಎಪಿನೆಫ್ರಿನ್‌ನ ಸಾಂದ್ರತೆಯನ್ನು ನೇರವಾಗಿ ಹೇಳುವುದಿಲ್ಲ. ಮೂಲ ಹೊಳಪಿಗೆ ಹೋಲಿಸಿದರೆ ಎಷ್ಟು ಬದಲಾಯಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಒಂದು ಇಲಿಯಲ್ಲಿ ವೈರಸ್ಸು ಹೆಚ್ಚು ಕೋಶಗಳನ್ನು ತಲುಪಿರಬಹುದು, ಇನ್ನೊಂದರಲ್ಲಿ ಎಳೆ ತುಸು ಪಕ್ಕಕ್ಕೆ ಕೂತಿರಬಹುದು. ಹಾಗಾಗಿ ಎರಡು ಇಲಿಗಳ ಹೊಳಪನ್ನು ಹೋಲಿಸಿ ಇದರಲ್ಲಿ ಹೆಚ್ಚು, ಅದರಲ್ಲಿ ಕಡಿಮೆ ಎನ್ನಲು ಬರುವುದಿಲ್ಲ. ಬೆಳಕು ಬೀಳುತ್ತಿದ್ದಂತೆ ಸಂವೇದಕ ನಿಧಾನವಾಗಿ ಮಾಸುತ್ತಲೂ ಹೋಗುತ್ತದೆ. ಇಲಿ ಅಲುಗಾಡಿದಾಗ ಬರುವ ಏರುಪೇರನ್ನು ಕಳೆಯಲು ಸುಮಾರು 405 ನ್ಯಾನೋಮೀಟರಿನ ನೇರಳೆ ಬೆಳಕನ್ನೂ ಹಾಯಿಸಿ, ನರವಾಹಕಕ್ಕೆ ಅಷ್ಟಾಗಿ ಸ್ಪಂದಿಸದ ಆ ಸಂಕೇತವನ್ನು ಹೋಲಿಕೆಗೆ ಇಟ್ಟುಕೊಳ್ಳುತ್ತಾರೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ತೊಡಕು ರಕ್ತದ್ದು. ಹಿಮೋಗ್ಲೋಬಿನ್ ನೀಲಿ ಮತ್ತು ಹಸಿರು ಬೆಳಕನ್ನು ಹೀರುತ್ತದೆ. ನಾರ್‌ಎಪಿನೆಫ್ರಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅಂದರೆ ಅಳೆಯಬೇಕಾದ ಅಣುವೇ ಅಳತೆಯ ಬೆಳಕನ್ನು ಬದಲಿಸುತ್ತದೆ. ನಾಳ ಕುಗ್ಗಿ ರಕ್ತ ಕಡಿಮೆಯಾದರೆ ಸಂವೇದಕ ಏನೂ ಮಾಡದೆಯೂ ಹೊಳಪು ಹೆಚ್ಚಿದಂತೆ ಕಾಣಬಹುದು. ಅಣು ಅಂಟಲಾಗದ ಜೋಡಿ ಪ್ರೋಟೀನಿನ ಬೆಲೆ ತಿಳಿಯುವುದು ಇಲ್ಲಿ.

ಔಷಧಗಳೂ ಗೊಂದಲ ತರುತ್ತವೆ. ರಕ್ತದೊತ್ತಡಕ್ಕೆ ಕೊಡುವ ಕ್ಲೊನಿಡಿನ್, ತೀವ್ರ ನಿಗಾ ಘಟಕದಲ್ಲಿ ಮಂಪರಿಗೆ ಕೊಡುವ ಡೆಕ್ಸ್‌ಮೆಡಿಟೊಮಿಡಿನ್ ಇವೆರಡೂ ಆಲ್ಫಾ ಎರಡು ಗ್ರಾಹಕಕ್ಕೇ ಅಂಟುವಂಥವು. ಆ ಗ್ರಾಹಕದಿಂದಲೇ ಕಟ್ಟಿದ ಸಂವೇದಕಕ್ಕೂ ಅವು ಅಂಟಿಕೊಂಡು ತಪ್ಪು ಸಂಕೇತ ಕೊಡುತ್ತವೆ. ಜ್ಯೂರಿಕ್ ನಗರದಲ್ಲಿ ಟೊಮಾಸೊ ಪ್ಯಾಟ್ರಿಯಾರ್ಕಿ ಅವರ ತಂಡ 2023ರಲ್ಲಿ ಆಲ್ಫಾ ಒಂದು ಗ್ರಾಹಕವನ್ನು ಆಧರಿಸಿ ಎನ್‌ಲೈಟ್ ಎಂಬ ಸಂವೇದಕಗಳನ್ನು ಹೊರತಂದದ್ದರಿಂದ ಈಗ ಇಂಥ ಔಷಧಗಳನ್ನು ಅಧ್ಯಯನ ಮಾಡಲು ಬೇರೆ ದಾರಿಯಿದೆ. ಯುಲಾಂಗ್ ಲಿ ಅವರ ತಂಡವೂ 2024ರಲ್ಲಿ ಇನ್ನಷ್ಟು ಸೂಕ್ಷ್ಮವಾದ ಎರಡನೆಯ ಪೀಳಿಗೆಯ ಸಂವೇದಕಗಳನ್ನು ಪ್ರಕಟಿಸಿತು.

ಮನುಷ್ಯರಲ್ಲಿ ಅಳೆಯಬಹುದೇ?

ಈ ವಿಧಾನಕ್ಕೆ ಮಿದುಳಿಗೆ ಹೊಸ ವಂಶವಾಹಿ ಸೇರಿಸಬೇಕು ಮತ್ತು ಎಳೆ ಇಳಿಸಬೇಕು. ಆದ್ದರಿಂದ ಅದು ಪ್ರಾಣಿಗಳಿಗಷ್ಟೇ ಸೀಮಿತ. ಮನುಷ್ಯರಲ್ಲಿ ಸದ್ಯ ಇರುವುದು ಪರೋಕ್ಷ ದಾರಿಗಳು. ಲೋಕಸ್ ಸೆರೂಲಿಯಸ್ ಚುರುಕಾದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಹಾಗಾಗಿ ಪಾಪೆಯ ಗಾತ್ರವನ್ನು ಒಂದು ಸುಳಿವಾಗಿ ಬಳಸುತ್ತಾರೆ. ಆದರೆ ಪಾಪೆಯನ್ನು ಹಿಗ್ಗಿಸುವ ಕಾರಣಗಳು ಬೇರೆಯೂ ಇವೆ. ಆ ಕೇಂದ್ರದ ನೀಲಿ ಛಾಯೆಗೆ ಕಾರಣವಾದ ನ್ಯೂರೋಮೆಲನಿನ್ ಎಂಬ ವರ್ಣದ್ರವ್ಯವನ್ನು ವಿಶೇಷ ಎಂಆರ್‌ಐ ಚಿತ್ರಣದಲ್ಲಿ ನೋಡಿ ಅಲ್ಲಿನ ಕೋಶಗಳು ಎಷ್ಟು ಉಳಿದಿವೆ ಎಂದು ಅಂದಾಜಿಸಬಹುದು. ಆಲ್‌ಝೈಮರ್ ಕಾಯಿಲೆಗೆ ಸಂಬಂಧಿಸಿದ ಟೌ ಪ್ರೋಟೀನಿನ ಬದಲಾವಣೆ ಬಹಳ ಮೊದಲೇ ಕಾಣಿಸಿಕೊಳ್ಳುವ ಸ್ಥಳಗಳಲ್ಲಿ ಈ ಕೇಂದ್ರವೂ ಒಂದಾದ್ದರಿಂದ, ಪಾರ್ಕಿನ್‌ಸನ್ ಕಾಯಿಲೆಯಲ್ಲಿಯೂ ಇಲ್ಲಿನ ಕೋಶಗಳು ನಶಿಸುವುದರಿಂದ, ಆ ಚಿತ್ರಣದ ಮೇಲೆ ವೈದ್ಯ ಸಂಶೋಧಕರ ಕಣ್ಣಿದೆ. ಸೆಕೆಂಡಿನ ವೇಗದ ನೇರ ಅಳತೆ ಮನುಷ್ಯರಲ್ಲಿ ಸಾಧ್ಯವಾಗಿರುವುದು ಚಿಕಿತ್ಸೆಗೆಂದು ಮೊದಲೇ ಮಿದುಳಿಗೆ ವಿದ್ಯುದಗ್ರ ಅಳವಡಿಸಿದ ಮೂರ್ಛೆರೋಗಿಗಳಂಥ ಕೆಲವೇ ರೋಗಿಗಳಲ್ಲಿ. ಅಲ್ಲಿಯೂ ಬಳಸಿದ್ದು ಹಸಿರು ಪ್ರೋಟೀನಲ್ಲ, ವೋಲ್ಟಮೆಟ್ರಿಯನ್ನೇ. ನಾರ್‌ಎಪಿನೆಫ್ರಿನನ್ನು ಡೋಪಮಿನ್‌ನಿಂದ ಬೇರ್ಪಡಿಸುವ ಹಳೆಯ ಕಷ್ಟವನ್ನು ಅಲ್ಲಿ ಗಣಕದ ಲೆಕ್ಕಾಚಾರಕ್ಕೆ ವಹಿಸಿದ್ದಾರೆ.